ಹುಣಸೆಗೆ ಪೈನ್ ವೇಷ ಹಾಕಿಸಿದೆ

ನನ್ನ ತಾರಸಿಯಲ್ಲಿ ಒಂದೂವರೆ ಅಡಿಯ ಹುಣಸೆ ಬೋನ್ಸಾಯ್ ಇದೆ. ಕೆಳಗಿನ ಕೊಂಬೆಗಳನ್ನು ಹತ್ತಿರದಿಂದ ನೋಡಿದರೆ ತೊಗಟೆಯ ಮೇಲೆ ಸುರುಳಿ ಸುತ್ತಿದ ಗಾಯದ ಗುರುತು ಕಾಣುತ್ತದೆ. ಅದು ನನ್ನದೇ ಕೈಕೆಲಸ.

ಗಿಡ ತಂದ ಹೊಸದರಲ್ಲಿ ನನ್ನ ಪಾಲಿಗೆ ಬೋನ್ಸಾಯ್ ಅಂದರೆ ಜಪಾನಿನ ಮೊಯೋಗಿ ಶೈಲಿ, ಅಷ್ಟೇ. ಕಾಂಡ ಬಳುಕುತ್ತಾ ಮೇಲೇರಬೇಕು. ಮೊದಲ ಕೊಂಬೆ ಎತ್ತರದ ಮೂರನೇ ಒಂದು ಭಾಗದಲ್ಲಿ, ಎರಡನೆಯದು ಎದುರು ಬದಿಗೆ, ಇನ್ನೊಂದು ಹಿಂದಕ್ಕೆ. ಒಟ್ಟು ನೋಟ ತ್ರಿಕೋನ. ಅಲ್ಯೂಮಿನಿಯಂ ತಂತಿ ಸುತ್ತಿ ಕೊಂಬೆಗಳನ್ನೆಲ್ಲ ಪೈನ್ ಮರದ ಹಾಗೆ ಕೆಳಗೆ ಬಗ್ಗಿಸಿದೆ. ಅಷ್ಟರಲ್ಲಿ ಮಳೆಗಾಲ. ಎರಡೇ ತಿಂಗಳಲ್ಲಿ ಕೊಂಬೆ ದಪ್ಪಗಾಗಿ ತಂತಿ ತೊಗಟೆಯೊಳಗೆ ಇಳಿದಿತ್ತು. ಬಿಚ್ಚಲು ಹೋದರೆ ಸಿಪ್ಪೆಯೂ ಕಿತ್ತು ಬಂತು. ಅಂಥ ಕಡೆ ತಂತಿಯನ್ನು ಬಿಚ್ಚಬಾರದು, ತುಂಡು ತುಂಡಾಗಿ ಕತ್ತರಿಸಿ ತೆಗೀಬೇಕು ಅಂತ ಆಮೇಲೆ ಗೊತ್ತಾಯ್ತು.

ಊರಿಂದ ಬಂದ ಅಪ್ಪ ನೋಡಿ, "ಇದೇನೋ, ಕ್ರಿಸ್‌ಮಸ್ ಗಿಡಾನಾ?" ಅಂದರು.

"ಹುಣಸೆ ಅಪ್ಪಾ."

"ಎಲೆ ಹುಣಸೇದು. ಮರ ಹುಣಸೇದಲ್ಲ."

ಆ ಮಾತು ತಲೇಲಿ ಕೂತುಬಿಟ್ಟಿತು. ಒಂದು ಭಾನುವಾರ ದೇವನಹಳ್ಳಿ ಹತ್ತಿರದ ನಲ್ಲೂರಿಗೆ ಹೋದೆ. ಅಲ್ಲಿ 54 ಎಕರೆ ಹುಣಸೆ ತೋಪಿದೆ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆಯಾದ ಜಾಗ. ನೋಟ್‌ಬುಕ್ ಹಿಡಿದು ಒಂದೇ ಮರದ ಮುಂದೆ ಒಂದು ಗಂಟೆ ಕೂತೆ. ಅಷ್ಟು ವರ್ಷ ಹುಣಸೆ ಮರದ ಕೆಳಗೇ ಆಡಿ ಬೆಳೆದವನು, ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ! ಕಾಂಡ ಗಿಡ್ಡ, ದಪ್ಪ, ಮೈತುಂಬ ಗಂಟು, ಒಳಗೆ ಪೊಟರೆ. ಕೊಂಬೆಗಳು ಮೊದಲು ಮೇಲಕ್ಕೇ ಏರುತ್ತವೆ, ಆಮೇಲೆ ಹೊರಕ್ಕೆ ಚಾಚುತ್ತವೆ, ಕೊನೆಗೆ ತುದಿ ಮಾತ್ರ ಜೋತು ಬೀಳುತ್ತದೆ. ತ್ರಿಕೋನ ಎಲ್ಲೂ ಇಲ್ಲ. ಮೇಲೆಲ್ಲ ಗುಮ್ಮಟದ ಹಾಗೆ ದುಂಡಗೆ.

ಜಪಾನಿನ ಪೈನ್ ಕೊಂಬೆ ಕೆಳಗೆ ಬಾಗುವುದಕ್ಕೆ ಅಲ್ಲಿನ ಹಿಮದ ಭಾರವೂ ಒಂದು ಕಾರಣ. ನಮ್ಮ ಹುಣಸೆ ಮೇಲೆ ಯಾವ ಹಿಮ ಬೀಳುತ್ತೆ ಹೇಳಿ? ಜಪಾನಿನವರೂ ತಮ್ಮ ಕೆಯಾಕಿ ಮರಕ್ಕೆ ಪೈನ್ ವೇಷ ಹಾಕಲಿಲ್ಲ. ಅದು ಬೆಳೆಯುವ ಹಾಗೇ ಪೊರಕೆ ತಲೆಕೆಳಗಾಗಿ ನಿಲ್ಲಿಸಿದಂಥ ಹೊಕಿದಾಚಿ ಶೈಲಿ ಇಟ್ಟುಕೊಂಡರು. ಅವರು ತಮ್ಮ ಮರ ನೋಡಿ ನಿಯಮ ಮಾಡಿಕೊಂಡರು, ನಾನು ನಿಯಮ ನೋಡಿ ಮರ ಮಾಡಲು ಹೊರಟಿದ್ದೆ. (ಹುಣಸೆಯ ಮೂಲವೇ ಆಫ್ರಿಕಾ ಅಂತ ಸಸ್ಯ ಬಲ್ಲವರು ತಕರಾರು ತೆಗೀಬಹುದು. ಸಾರಿಗೆ ಹುಣಸೆ ಹಿಂಡುವ ನಾನಂತೂ ಕೇಳಲ್ಲ.)

ವಾಪಸ್ ಬಂದು ತಂತಿ ಡಬ್ಬ ಮೇಲಿಟ್ಟೆ. ಈಗ ಬರೀ ಕತ್ತರಿ. ಚಿಗುರನ್ನು ಒಂದು ಗೇಣು ಬೆಳೆಯಲು ಬಿಡುತ್ತೇನೆ, ಆಮೇಲೆ ಎರಡು ಎಲೆ ಉಳಿಸಿ ಕತ್ತರಿಸುತ್ತೇನೆ. ಕೊನೆಯ ಎಲೆಯ ಕಂಕುಳಲ್ಲಿರುವ ಮೊಗ್ಗು ಯಾವ ಕಡೆ ಮುಖ ಮಾಡಿದೆಯೋ ಹೊಸ ಕೊಂಬೆ ಹೆಚ್ಚಾಗಿ ಆ ಕಡೆಗೇ ಹೊರಡುತ್ತದೆ. ಹೀಗೆ ಕತ್ತರಿಸಿದಲ್ಲೆಲ್ಲ ಒಂದು ಮೊಣಕೈ ಮೂಡುತ್ತದೆ, ಥೇಟ್ ತೋಪಿನ ಮರದ ಹಾಗೆ. ನಿಧಾನದ ಕೆಲಸ. ನಾಲ್ಕು ವರ್ಷ ಆಯ್ತು, ಗುಮ್ಮಟ ಇನ್ನೂ ಅರ್ಧ. ತಪ್ಪಾದ ದೊಡ್ಡ ಕೊಂಬೆ ತೆಗೆದ ಗಾಯವನ್ನು ಮುಚ್ಚಲಿಲ್ಲ, ಕೊರೆದು ಪೊಟರೆ ಮಾಡಿದೆ. ನೀರು ನಿಲ್ಲದ ಹಾಗೆ ಕೆಳಗೆ ಸ್ವಲ್ಪ ಇಳಿಜಾರು ಕೊಟ್ಟರೆ ಸಾಕು.

ಜಪಾನಿನದೆಲ್ಲ ಬಿಟ್ಟೆ ಅಂತಲ್ಲ. ಬುಡದ ಸುತ್ತ ಬೇರು ಹರಡಿ ಮಣ್ಣು ಹಿಡಿದಿರಬೇಕು ಅನ್ನುವುದು ಯಾವ ಮರಕ್ಕೂ ಸರಿ. ಅದಕ್ಕಾಗಿ ತಾಯಿ ಬೇರು ಕತ್ತರಿಸಲೇಬೇಕು. ಆತುರದಲ್ಲಿ ಒಂದೇ ಸಲ ಪೂರ್ತಿ ಕತ್ತರಿಸಿ ಇನ್ನೊಂದು ಹುಣಸೆ ಗಿಡ ಕಳೆದುಕೊಂಡೆ. ಈಗ ಎರಡು ಮೂರು ಕಂತಿನಲ್ಲಿ, ಹೊಸ ಚಿಗುರು ಬರುವ ಮುಂಚೆ. ಮಣ್ಣಿಗೆ ಅರ್ಧದಷ್ಟು ಇಟ್ಟಿಗೆ ಚೂರು, ಉಳಿದದ್ದು ಕೆಂಪು ಮಣ್ಣು, ಹಳೇ ಗೊಬ್ಬರ.

ಇನ್ನೊಂದು ವಿಷಯ. ಹಗಲಲ್ಲಿ ಎಲೆ ತುಂಬಿಕೊಂಡಿರುವಾಗ ಯಾವ ಕೊಂಬೆ ಕತ್ತರಿಸಬೇಕು ಅಂತ ನನಗೆ ತಿಳಿಯಲ್ಲ. ಸಂಜೆ ಹುಣಸೆ ಎಲೆ ಮಡಚಿಕೊಳ್ಳುತ್ತಲ್ವಾ, ಆಗ ಕೊಂಬೆಗಳ ಎಲುಬೆಲ್ಲ ಕಾಣುತ್ತದೆ. ಟಾರ್ಚ್ ಹಿಡಿದು ಕತ್ತರಿಸಬೇಕಾದ್ದಕ್ಕೆ ದಾರ ಕಟ್ಟಿಡುತ್ತೇನೆ. ಕತ್ತರಿ ಹಾಕುವುದು ಬೆಳಿಗ್ಗೆ.