ಎಡಕ್ಕೆ ಭಾಗವತರು, ಬಲಕ್ಕೆ ಸಭೆ: ಎರಡು ಚಾನೆಲ್ ಬೇರೆ ಮಾಡುವ ನನ್ನ ಕ್ರಮ

ಮುಂಬೈಯಲ್ಲಿ ನಾನು ಹೆಚ್ಚಾಗಿ ವಿಡಿಯೊ ಮಾಡುವುದು ತಾಳಮದ್ದಳೆಯದ್ದು. ಮಾಟುಂಗಾ, ಕುರ್ಲಾ, ಡೊಂಬಿವಲಿ ಕಡೆಯ ಕನ್ನಡಿಗರು ಕರೆಯುತ್ತಾರೆ. ತಾಳಮದ್ದಳೆ ಯಕ್ಷಗಾನದ್ದೇ ಒಂದು ರೂಪ, ಆದರೆ ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಚೆಂಡೆ ಮದ್ದಳೆ, ಅರ್ಥಧಾರಿಗಳ ಮಾತು, ಇಷ್ಟೇ. ಚಿತ್ರ ಸ್ವಲ್ಪ ಮಂಕಾದರೂ ಜನ ನೋಡುತ್ತಾರೆ. ಮಾತು ಕೇಳದಿದ್ದರೆ ಐದು ನಿಮಿಷಕ್ಕೆ ಬಿಟ್ಟುಬಿಡುತ್ತಾರೆ.

ಅದಕ್ಕೇ ಕ್ಯಾಮೆರಾಗೆ ಎರಡು ಕಡೆಯಿಂದ ಧ್ವನಿ ಕೊಡುತ್ತೇನೆ. ಒಂದನೇ ಚಾನೆಲ್‌ಗೆ ಮೈಕಿನವರ ಮಿಕ್ಸರ್‌ನಿಂದ ಬರುವ ವೈರು. ಎರಡನೆಯದಕ್ಕೆ ಕ್ಯಾಮೆರಾದ ಮೇಲೆ ಕೂರಿಸಿದ ನನ್ನ ಮೈಕು. ಮಿಕ್ಸರ್ ಧ್ವನಿಯಲ್ಲಿ ಮಾತು ತುಂಬ ಸ್ಪಷ್ಟ. ಆದರೆ ಎದುರಿಗೆ ಜನರೇ ಇಲ್ಲವೇನೋ ಅನ್ನುವಷ್ಟು ಒಣ. ನನ್ನ ಮೈಕಿನಲ್ಲಿ ಚಪ್ಪಾಳೆ, ನಗು, ಚೆಂಡೆಯ ಅಬ್ಬರ ಎಲ್ಲ ಇರುತ್ತದೆ, ಮಾತು ಮಾತ್ರ ದೂರ. ಎರಡೂ ಬೇಕು. ಮಿಕ್ಸರ್ ವೈರು ಹಾಕಿದ ಚಾನೆಲ್‌ನ ಸ್ವಿಚ್ಚು ‘ಲೈನ್’ ಕಡೆ ಇರಬೇಕು. ‘ಮೈಕ್’ ಕಡೆ ಇದ್ದರೆ ಧ್ವನಿ ಒಡೆದುಹೋಗುತ್ತದೆ, ಒಡೆದದ್ದನ್ನು ಎಡಿಟಿಂಗ್‌ನಲ್ಲಿ ಪೂರ್ತಿ ಸರಿ ಮಾಡಲು ಆಗುವುದಿಲ್ಲ.

ತೊಡಕು ಇರುವುದು ಕಂಪ್ಯೂಟರಿಗೆ ಹಾಕಿದ ಮೇಲೆ. ಎಡಿಟಿಂಗ್ ಸಾಫ್ಟ್‌ವೇರ್ ಈ ಎರಡನ್ನೂ ಹೆಚ್ಚಾಗಿ ಒಂದು ಸ್ಟೀರಿಯೊ ಜೋಡಿ ಅಂತಲೇ ಓದುತ್ತದೆ. ಹಾಗಾಗಿ ಹೆಡ್‌ಫೋನ್ ಹಾಕಿದರೆ ಪದ್ಯ ಎಡಗಿವಿಗೆ, ಸಭೆ ಬಲಗಿವಿಗೆ. ಒಮ್ಮೆ ಡೊಂಬಿವಲಿಯ ಹಿರಿಯರೊಬ್ಬರು ಬೇರೆ ಯಾರೋ ಮಾಡಿಕೊಟ್ಟ ವಿಡಿಯೊ ತಂದು, “ಬಲದ ಕಿವಿಗೆ ಭಾಗವತರೇ ಇಲ್ಲ ಮಾರಾಯ್ರೇ, ನನಗೆ ಎಡದ ಕಿವಿ ಕೇಳುವುದಿಲ್ಲ” ಅಂದರು. ಊರಲ್ಲಿ ಕೂತು ನೋಡುವವರಲ್ಲೂ ಎಷ್ಟೋ ಜನ ಒಂದೇ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಾರೆ ಅಲ್ವಾ? ಅವರನ್ನು ನೆನೆದೇ ನಾನು ಈ ಕೆಲಸ ಮಾಡುವುದು.

ಕಟಿಂಗ್ ಶುರು ಮಾಡುವ ಮೊದಲೇ ಎರಡನ್ನೂ ಬೇರೆ ಮಾಡಿಬಿಡುತ್ತೇನೆ. ಪ್ರೀಮಿಯರ್ ಪ್ರೊದಲ್ಲಿ ಪ್ರಾಜೆಕ್ಟ್ ಕಿಟಕಿಯಲ್ಲಿರುವ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ, ಮಾಡಿಫೈ ಒಳಗಿನ ಆಡಿಯೊ ಚಾನೆಲ್ಸ್‌ಗೆ ಹೋಗಬೇಕು. ಸ್ಟೀರಿಯೊ ಬದಲು ಮೊನೊ (ಒಂಟಿ ಚಾನೆಲ್) ಆರಿಸಿ, ಆಡಿಯೊ ಕ್ಲಿಪ್ ಸಂಖ್ಯೆ 2 ಮಾಡಿ, ಒಂದಕ್ಕೆ ಎಡ, ಇನ್ನೊಂದಕ್ಕೆ ಬಲ ಟಿಕ್ ಮಾಡಿದರೆ ಆಯಿತು. ಟೈಮ್‌ಲೈನ್‌ಗೆ ಆಗಲೇ ಎಳೆದು ಹಾಕಿದ ಕ್ಲಿಪ್‌ಗೆ ಈ ಬದಲಾವಣೆ ತಟ್ಟುವುದಿಲ್ಲ, ಅದಕ್ಕೇ ಮೊದಲೇ ಮಾಡಿ ಅನ್ನುವುದು. ಡಾವಿಂಚಿ ರಿಸಾಲ್ವ್‌ನಲ್ಲಿ ಕ್ಲಿಪ್ ಆಟ್ರಿಬ್ಯೂಟ್ಸ್‌ನ ಆಡಿಯೊ ಭಾಗದಲ್ಲಿ ಇದೇ ಕೆಲಸ ಆಗುತ್ತದೆ. ಬರೀ ಧ್ವನಿ ಫೈಲ್ ಇದ್ದರೆ ಅಡಾಸಿಟಿ ಸಾಕು, ಅದರಲ್ಲಿ ಸ್ಟೀರಿಯೊ ಟ್ರ್ಯಾಕನ್ನು ಎರಡು ಮೊನೊ ಮಾಡುವ ಆಯ್ಕೆ ಇದೆ. ಮೊನೊ ಮಾಡಿದ ಮೇಲೆ ಎರಡೂ ಟ್ರ್ಯಾಕ್ ನಡುವಿಗೆ ಬಂದು ಎರಡು ಕಿವಿಗೂ ಸಮನಾಗಿ ಕೇಳುತ್ತವೆ.

ಪ್ರೀಮಿಯರ್‌ನಲ್ಲಿ ಎಡದ ಧ್ವನಿಯನ್ನು ಬಲಕ್ಕೂ ತುಂಬುವ ಎಫೆಕ್ಟ್ ಒಂದಿದೆ. ಬಲ ಖಾಲಿ ಇದ್ದಾಗ ಅದು ಒಳ್ಳೆಯದೇ. ಆದರೆ ಬಲದಲ್ಲಿ ಸಭೆ ಕೂತಿರುವಾಗ ಅದನ್ನು ಹಾಕಿದರೆ ಆ ಸಭೆ ಪೂರ್ತಿ ಹೋಗುತ್ತದೆ. ತಾಳಮದ್ದಳೆಗೆ ನಾನದನ್ನು ಮುಟ್ಟುವುದಿಲ್ಲ.

ಬೇರೆ ಮಾಡಿದ ಕೂಡಲೇ ಎರಡನ್ನೂ ಸುಮ್ನೆ ಸೇರಿಸಿ ಕೇಳಿದರೆ ಮಾತು ಎರಡೆರಡು ಸಲ ಕೇಳಿದ ಹಾಗಾಗುತ್ತದೆ. ಕಾರಣ ದೂರ. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. ವೇದಿಕೆಯಿಂದ 15 ಮೀಟರ್ ಹಿಂದೆ ನನ್ನ ಕ್ಯಾಮೆರಾ ಇದ್ದರೆ, ಅಲ್ಲಿಗೆ ಧ್ವನಿ ಬರಲು ಸುಮಾರು 43 ಮಿಲಿಸೆಕೆಂಡ್ ಬೇಕು. ಮಿಕ್ಸರ್ ವೈರಿನಲ್ಲಿ ಅದು ಆಗಿಂದಾಗಲೇ ಬಂದಿರುತ್ತದೆ. 25 ಫ್ರೇಮ್‌ನ ವಿಡಿಯೊದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಅಂದರೆ ಸಭೆಯ ಟ್ರ್ಯಾಕ್ ಒಂದು ಫ್ರೇಮಿಗಿಂತ ಚೂರು ಜಾಸ್ತಿ ಹಿಂದೆ. ತುಟಿಗೆ ಹೊಂದುವುದು ಮಿಕ್ಸರ್ ಧ್ವನಿ. ಆದ್ದರಿಂದ ಅದನ್ನು ಇದ್ದಲ್ಲೇ ಬಿಟ್ಟು, ಸಭೆಯ ಟ್ರ್ಯಾಕನ್ನು ಮುಂಚೆಗೆ ಎಳೆಯುತ್ತೇನೆ. ಎರಡೂ ಒಂದೇ ಸ್ಟೀರಿಯೊ ಕ್ಲಿಪ್‌ನಲ್ಲಿ ಅಂಟಿಕೊಂಡಿದ್ದರೆ ಒಂದನ್ನು ಮಾತ್ರ ಹೀಗೆ ಎಳೆಯಲು ಸಾಧ್ಯವೇ ಇಲ್ಲ. ನನ್ನ ಪ್ರಕಾರ ಬೇರೆ ಮಾಡುವುದರ ದೊಡ್ಡ ಲಾಭ ಇದೇ.

ಫ್ರೇಮ್ ಲೆಕ್ಕದಲ್ಲಿ ಸರಿಸಿದರೆ ಪೂರ್ತಿ ಕೂಡುವುದಿಲ್ಲ. ಟೈಮ್‌ಲೈನನ್ನು ಆಡಿಯೊ ಅಳತೆಗೆ ಬದಲಾಯಿಸಬೇಕು. 48,000 ಹರ್ಟ್ಸ್‌ನ ಧ್ವನಿಯಲ್ಲಿ ಒಂದು ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಧ್ವನಿಯ ಅಷ್ಟು ಚೂರು. ನಮ್ಮ 43 ಮಿಲಿಸೆಕೆಂಡ್ ಅಂದರೆ ಅದರಲ್ಲಿ ಸುಮಾರು 2,100. ಲೆಕ್ಕ ಹಾಕುತ್ತಾ ಕೂರಬೇಕಾಗಿಲ್ಲ, ಚೆಂಡೆ ಇದೆಯಲ್ಲ! ಭಾಗವತರ ಮೈಕಿಗೂ ಚೆಂಡೆ ಪೆಟ್ಟು ಬಿದ್ದಿರುತ್ತದೆ. ಒಂದು ಒಂಟಿ ಪೆಟ್ಟು ಹುಡುಕಿ ಹತ್ತಿರದಿಂದ ನೋಡಿದರೆ ಎರಡೂ ಟ್ರ್ಯಾಕಿನಲ್ಲಿ ಸೂಜಿಯಂತೆ ಎದ್ದು ಕಾಣುತ್ತದೆ. ಆ ಎರಡು ಮೊನೆಗಳನ್ನು ಒಂದರ ಕೆಳಗೆ ಒಂದು ಬರುವಂತೆ ಕೂಡಿಸುತ್ತೇನೆ. ನಡುವೆ ಕ್ಯಾಮೆರಾ ನಿಲ್ಲಿಸಿ ಮತ್ತೆ ಶುರು ಮಾಡಿದ್ದರೆ ಮುಂದಿನ ಕ್ಲಿಪ್‌ಗೂ ಅಷ್ಟೇ ಸರಿಸಿದರೆ ಸಾಕು, ಕ್ಯಾಮೆರಾದ ಜಾಗ ಬದಲಾಗಿರಬಾರದು ಅಷ್ಟೇ.

ಕೂಡಿಸಿದ ಮೇಲೆ ಮಾತು ಟೊಳ್ಳಾಗಿ, ತೆಳ್ಳಗೆ ಕೇಳಿದರೆ ಒಂದು ಟ್ರ್ಯಾಕಿನ ಅಲೆ ತಲೆಕೆಳಗಾಗಿರಬಹುದು. ಮೂರು ಪಿನ್‌ನ ಎಕ್ಸ್‌ಎಲ್‌ಆರ್ ವೈರಿನ ಎರಡನೇ ಮತ್ತು ಮೂರನೇ ಪಿನ್ ಅದಲುಬದಲಾಗಿದ್ದರೆ ಹೀಗಾಗುತ್ತದೆ. ಇನ್ವರ್ಟ್ ಎಫೆಕ್ಟ್ ಹಾಕಿ ನೋಡಿ, ತುಂಬಿಕೊಂಡು ಬಂದರೆ ಹಾಗೇ ಇಡಿ.

ಧ್ವನಿಯ ಮಟ್ಟದ ವಿಷಯದಲ್ಲಿ ನನ್ನ ರೂಢಿ ಹೀಗೆ. ಮಾತು ನಡೆಯುವಾಗ ಸಭೆಯ ಟ್ರ್ಯಾಕು ಮಿಕ್ಸರ್‌ಗಿಂತ 10-12 ಡೆಸಿಬಲ್ ಕೆಳಗೆ. ಚಪ್ಪಾಳೆ, ನಗು ಬಂದಾಗ ಮೇಲೆ. ಎಸಿಯ ಗೂಂಗುಡುವಿಕೆ ಸಭೆಯ ಟ್ರ್ಯಾಕಿನಲ್ಲೇ ಇರುವುದರಿಂದ ಕೆಳಗಿನ ಸ್ವರಗಳನ್ನು ಅದರಲ್ಲಿ ಮಾತ್ರ ಕತ್ತರಿಸುತ್ತೇನೆ, ಭಾಗವತರ ಕಂಠಕ್ಕೆ ಕೈ ಹಚ್ಚುವುದಿಲ್ಲ. ಕೊನೆಗೆ ಫೋನಿನ ಸ್ಪೀಕರ್‌ನಲ್ಲಿ ಒಮ್ಮೆ, ಆಮೇಲೆ ಒಂದೊಂದೇ ಕಿವಿಗೆ ಇಯರ್‌ಫೋನ್ ಹಾಕಿ ಒಮ್ಮೆ ಕೇಳುತ್ತೇನೆ.

ಮಿಕ್ಸರ್ ಟ್ರ್ಯಾಕನ್ನು ಒಂಟಿಯಾಗಿಯೂ ತೆಗೆದಿಡುತ್ತೇನೆ. ಭಾಗವತಿಕೆ ಕಲಿಯುತ್ತಿರುವ ಇಲ್ಲಿನ ಹುಡುಗರು ಅದನ್ನೇ ಕೇಳಿ ಪಡೆಯುತ್ತಾರೆ. ಚಪ್ಪಾಳೆಯಿಲ್ಲದೆ ಪದ್ಯ ಎಲ್ಲಿ ಎತ್ತಿದರು, ಎಲ್ಲಿ ಉಸಿರು ತೆಗೆದುಕೊಂಡರು ಅನ್ನುವುದು ಅದರಲ್ಲಿ ನಿಚ್ಚಳವಾಗಿ ಕೇಳುತ್ತದೆ.