ದುಡ್ಡು ಹೋದರೆ ಮೊದಲು 1930, ಆಮೇಲೆ ಠಾಣೆ

ನಮ್ಮ ಚಿಕ್ಕಪ್ಪ ಹೊಳಲ್ಕೆರೆ ಕಡೆಯವರು. ಮಗಳನ್ನು ನೋಡಲು ದಾವಣಗೆರೆಗೆ ಬಂದಿದ್ದಾಗ ‘ಸಿಬಿಐನಿಂದ’ ಅಂತ ವಿಡಿಯೊ ಕಾಲ್ ಬಂತು. ‘ಡಿಜಿಟಲ್ ಅರೆಸ್ಟ್’, ಅಂದರೆ ಫೋನಿನಲ್ಲೇ ನಿಮ್ಮನ್ನು ಬಂಧಿಸಿದ್ದೇವೆ ಅಂತ ಹೆದರಿಸಿದರು. ಅಡಿಕೆ ಮಾರಿದ ದುಡ್ಡನ್ನೆಲ್ಲ ಕಳಿಸಿಬಿಟ್ಟರು. ಅಂಥದ್ದೊಂದು ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ! ಹತ್ತಿರದ ಒಂದು ಠಾಣೆಗೆ ಹೋದರೆ, ‘ನಿಮ್ಮ ಖಾತೆ ಆ ಕಡೆಯದು, ಅಲ್ಲೇ ಕಂಪ್ಲೇಂಟ್ ಕೊಡಿ’ ಅಂದರು. ಬಸ್ಸಿನಲ್ಲೇ ಅರ್ಧ ದಿನ ಹೋಯಿತು. ನನಗೆ ಆ ಸಿಟ್ಟು ಇನ್ನೂ ಆರಿಲ್ಲ.

ಹಾಗಾಗಿ ಮೊದಲು ಬಸ್ ಹತ್ತಬೇಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕದ್ದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ, ಅಲ್ಲಿಂದ ನಾಲ್ಕೈದು ಬಾಡಿಗೆ ಖಾತೆಗಳಿಗೆ ಹರಿದು, ಬೇರೆ ಯಾವುದೋ ರಾಜ್ಯದ ಎಟಿಎಂನಿಂದ ಹೊರಗೆ ಬರುತ್ತದೆ. ಪೊಲೀಸರು ಒಂದೊಂದೇ ಬ್ಯಾಂಕಿಗೆ ಪತ್ರ ಬರೆಯುತ್ತಾ ಕೂತರೆ ಅದು ಸಿಗಲ್ಲ. 1930ರಲ್ಲಿ ಎಲ್ಲ ರಾಜ್ಯಗಳ ಪೊಲೀಸರು, ಬ್ಯಾಂಕುಗಳು ಒಂದೇ ವ್ಯವಸ್ಥೆಯಲ್ಲಿದ್ದಾರೆ. ಹಣ ತಲುಪಿದ ಬ್ಯಾಂಕು ಉಳಿದಿದ್ದನ್ನು ತಡೆಹಿಡಿಯುತ್ತದೆ, ಮುಂದಕ್ಕೆ ಹೋಗಿದ್ದರೆ ಆ ಬ್ಯಾಂಕಿಗೆ ವಿಷಯ ದಾಟಿಸುತ್ತದೆ. ಆದರೆ ಇಷ್ಟೂ ಜನ ಓಡುವುದು ನೀವು ಕೊಡುವ ನಂಬರ್ ಹಿಡಿದುಕೊಂಡು, ಅಲ್ವಾ? ಯುಪಿಐ ಆಗಿದ್ದರೆ ಆ ವಹಿವಾಟಿನ 12 ಅಂಕಿಯ ಗುರುತಿನ ಸಂಖ್ಯೆ (ಯುಟಿಆರ್ ನಂಬರ್), ಮೊತ್ತ, ಸಮಯ, ಕರೆ ಬಂದ ನಂಬರ್ ಬರೆದಿಟ್ಟುಕೊಳ್ಳಿ. ಸಿಟ್ಟಿಗೆ ವಾಟ್ಸಾಪ್ ಚಾಟ್ ಡಿಲೀಟ್ ಮಾಡಬೇಡಿ. 1930ರವರು ಕೊಡುವ ದೂರಿನ ಸಂಖ್ಯೆ ಜೋಪಾನ.

ಆಮೇಲೆ ಸಿಇಎನ್ ಠಾಣೆ, ಅಂದರೆ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆ. ದಾವಣಗೆರೆಯಲ್ಲೂ ಇದೆ, ಚಿತ್ರದುರ್ಗದಲ್ಲೂ ಇದೆ. ‘ನಮ್ಮ ಲಿಮಿಟ್ಸ್ ಅಲ್ಲ’ ಅಂದರೆ ಸುಮ್ನೆ ವಾಪಸ್ ಬರಬೇಡಿ, ‘ಝೀರೋ ಎಫ್‌ಐಆರ್ ಮಾಡಿಕೊಳ್ಳಿ ಸಾರ್’ ಅಂತ ಸಮಾಧಾನದಿಂದಲೇ ಕೇಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಕ್ರಿಮಿನಲ್ ಪ್ರಕ್ರಿಯೆಯ ಕಾನೂನು ಬಿಎನ್‌ಎಸ್‌ಎಸ್‌ನ 173ನೇ ಸೆಕ್ಷನ್ ಪ್ರಕಾರ, ಕೃತ್ಯ ಎಲ್ಲೇ ನಡೆದಿರಲಿ, ನೀವಿರುವ ಕಡೆಯೇ ದೂರು ಕೊಡಬಹುದು. ಅದಕ್ಕೇ ಝೀರೋ ಎಫ್‌ಐಆರ್ ಅನ್ನುವುದು. ಎಫ್‌ಐಆರ್ ಪ್ರತಿ ಪುಕ್ಕಟೆ. ಆಗಲೂ ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಬರೆದು ಕಳಿಸಿ.

ಆರೋಪಿ ಬೇರೆ ರಾಜ್ಯದಲ್ಲಿ ಸಿಕ್ಕರೆ ನಮ್ಮ ಪೊಲೀಸರು ಅಲ್ಲಿನ ಠಾಣೆಯವರ ನೆರವಿನಲ್ಲಿ ಹಿಡಿದು, ಅಲ್ಲಿನ ಕೋರ್ಟಿಗೆ ಹಾಜರುಪಡಿಸಿ ಕರೆತರಬೇಕು. ತಿಂಗಳುಗಟ್ಟಲೆ ಆಗಬಹುದು. ನೀವು ಅಷ್ಟು ದಿನ ಕಾಯುತ್ತಾ ಕೂರಬೇಡಿ. ತಡೆಹಿಡಿದ ಹಣ ಎಷ್ಟು, ಯಾವ ಬ್ಯಾಂಕಿನಲ್ಲಿದೆ ಅಂತ ತನಿಖಾಧಿಕಾರಿಯನ್ನು ಕೇಳಿ ಬರೆದುಕೊಂಡು, ಅದನ್ನು ಬಿಡಿಸಿಕೊಡಿ ಅಂತ ವಕೀಲರ ಮೂಲಕ ಕೋರ್ಟಿಗೆ ಅರ್ಜಿ ಹಾಕಿಸಿ.