ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ದಾರಿ ಮಾಡಿಕೊಳ್ಳುವುದು ಹೇಗೆ?

ಆಲಮಟ್ಟಿ ಹಿನ್ನೀರಿನ ಊರುಗಳಲ್ಲಿ, ಕಾಲುವೆ ಪಕ್ಕದ ಹೊಲಮನೆಗಳಲ್ಲಿ ಸಂಜೆಯಾದರೆ ಸೊಳ್ಳೆ ಕಾಟ ಇದ್ದದ್ದೇ. ಆದರೆ ಕಚ್ಚಿದ ಸೊಳ್ಳೆಯೆಲ್ಲ ಮಲೇರಿಯಾ ತರುವುದಿಲ್ಲ. ತರುವುದು ಅನಾಫಿಲಿಸ್ ಜಾತಿಯ ಹೆಣ್ಣು ಸೊಳ್ಳೆ ಮಾತ್ರ. ಅದೂ ರೋಗಿಯನ್ನು ಕಚ್ಚಿ ಮರುದಿನವೇ ಇನ್ನೊಬ್ಬರಿಗೆ ಅಂಟಿಸಲಾರದು. ಅಷ್ಟರೊಳಗೆ ರೋಗಾಣು ಅದರ ಮೈಯೊಳಗೆ ದೊಡ್ಡ ಪಯಣವನ್ನೇ ಮುಗಿಸಬೇಕು.

ಮೊದಲ ಹಂತ ರಕ್ತದ್ದು. ಮಲೇರಿಯಾ ಇರುವವರ ರಕ್ತದ ಜೊತೆ ಗಂಡು, ಹೆಣ್ಣು ರೂಪದ ರೋಗಾಣುಗಳು ಸೊಳ್ಳೆಯ ಹೊಟ್ಟೆ ಸೇರುತ್ತವೆ. ನಮ್ಮ ಮೈಬಿಸಿಯಿಂದ ತಂಪಾದ ಜಾಗಕ್ಕೆ ಬಂದದ್ದು ಅವಕ್ಕೆ ಗೊತ್ತಾಗುತ್ತದೆ. ಸುಮಾರು ಕಾಲು ಗಂಟೆಯಲ್ಲಿ ಒಂದೊಂದು ಗಂಡು ರೋಗಾಣುವಿನಿಂದ 8 ಎಳೆಗಳು ಬಾಲ ಬೀಸುತ್ತಾ ಹೊರಬರುತ್ತವೆ, ಹೆಣ್ಣನ್ನು ಹುಡುಕಿ ಕೂಡುತ್ತವೆ.

ಎರಡನೆಯದೇ ಕಷ್ಟದ ಹಂತ. ಕೂಡಿ ಹುಟ್ಟಿದ ಜೀವಿ ಒಂದು ದಿನದಲ್ಲಿ ಹುಳುವಿನಂತೆ ಉದ್ದವಾಗಿ ತೆವಳತೊಡಗುತ್ತದೆ. ಇದರ ಹೆಸರು ಊಕೈನೀಟ್. ಕುಡಿದ ರಕ್ತದ ಸುತ್ತ ಸೊಳ್ಳೆ ಒಂದು ಪೊರೆ ಕಟ್ಟಿಕೊಂಡಿರುತ್ತದೆ. ಊಕೈನೀಟ್ ಅದನ್ನು ಕರಗಿಸುವ ರಸ ಬಿಟ್ಟು ದಾಟುತ್ತದೆ. ಆಮೇಲೆ ಹೊಟ್ಟೆಯ ಗೋಡೆಯ ಜೀವಕೋಶಕ್ಕೇ ನುಗ್ಗುತ್ತದೆ. ನುಗ್ಗಿಸಿಕೊಂಡ ಕೋಶ ಸಾಯುತ್ತದೆ, ಸೊಳ್ಳೆಯ ಹೊಟ್ಟೆ ಅದನ್ನು ಕಿತ್ತು ಎಸೆಯುತ್ತದೆ. ಅಷ್ಟರಲ್ಲಿ ಊಕೈನೀಟ್ ಆಚೆ ಬದಿ ಸೇರಿರಬೇಕು. ಸೇರಿದರೂ ಪಾರಾದಂತಲ್ಲ, ಅಲ್ಲಿ ಸೊಳ್ಳೆಯ ರಕ್ತದಲ್ಲಿರುವ ಕಾವಲು ಪ್ರೋಟೀನುಗಳು ಮೈಗೆ ಅಂಟಿ ಕೊಲ್ಲುತ್ತವೆ. ಸೊಳ್ಳೆಗೂ ರೋಗದ ವಿರುದ್ಧ ಹೋರಾಟ ಇದೆ ಅಂದ್ರೆ ಎಷ್ಟೋ ಜನ ನಂಬುವುದಿಲ್ಲ! ಕೊನೆಗೆ ಉಳಿಯುವುದು ಸಾಮಾನ್ಯವಾಗಿ ಬೆರಳೆಣಿಕೆಯಷ್ಟು.

ಉಳಿದವು ಹೊಟ್ಟೆಯ ಹೊರಗೋಡೆಗೆ ಅಂಟಿ ಗುಳ್ಳೆಗಳಾಗುತ್ತವೆ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಈ ಗುಳ್ಳೆಗಳನ್ನೇ. ದಿನ ಕಳೆದಂತೆ ಗುಳ್ಳೆ ಬಲಿತು ಒಡೆಯುತ್ತದೆ. ಒಂದೊಂದರಿಂದಲೂ ಸಾವಿರಾರು ಸೂಜಿಯಾಕಾರದ ಮರಿಗಳು ಹೊರಬಂದು, ಸೊಳ್ಳೆಯ ರಕ್ತದಲ್ಲಿ ತೇಲಿ, ಜೊಲ್ಲಿನ ಗ್ರಂಥಿಯನ್ನು ಕೊರೆದು ಒಳಸೇರುತ್ತವೆ. ಮುಂದಿನ ಕಡಿತಕ್ಕೆ ಸೊಳ್ಳೆ ಸಿದ್ಧ.

ಇಷ್ಟಕ್ಕೆಲ್ಲ ಬೆಚ್ಚಗಿನ ಹವೆಯಲ್ಲೂ ಸುಮಾರು 10ರಿಂದ 14 ದಿನ ಬೇಕು. ಅಷ್ಟರಲ್ಲಿ ಬಹಳಷ್ಟು ಸೊಳ್ಳೆಗಳು ಸತ್ತೇ ಹೋಗಿರುತ್ತವೆ. ಬದುಕುಳಿದವೇ ರೋಗ ಹರಡುವುದು. ಅವಕ್ಕೆ ರೋಗಿಯ ರಕ್ತವೇ ಸಿಗದಂತೆ ಮೊದಲ ಹಂತವನ್ನೇ ತಡೆಯುವುದು ಜಾಣತನ. ನಮ್ಮಲ್ಲಿ ಸೊಳ್ಳೆಪರದೆ ಕೂಸಿಗೆ ಕಟ್ಟುತ್ತೇವೆ, ಜ್ವರ ಬಂದವರು ಮಾತ್ರ ಝಳ ಅಂತ ಮಾಳಿಗೆ ಮೇಲೆ ಹಾಗೇ ಮಲಗುತ್ತಾರೆ. ಕೂಸಿಗೆ ಕಟ್ಟಿ, ಜ್ವರದವರಿಗೂ ಕಟ್ಟಿ. ಅನಾಫಿಲಿಸ್ ಕಚ್ಚುವುದು ಸಂಜೆಯಿಂದ ನಸುಕಿನವರೆಗೆ. ಜ್ವರ ಬಂದ ಕೂಡಲೇ ರಕ್ತ ಪರೀಕ್ಷೆ ಮಾಡಿಸಿ, ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರೂ ಆಯಿತು. ಜ್ವರ ಇಳಿಯಿತೆಂದು ಮಾತ್ರೆ ಅರ್ಧಕ್ಕೆ ಬಿಡಬೇಡಿ. ಫಾಲ್ಸಿಪಾರಮ್ ಎಂಬ ಬಗೆಯ ಮಲೇರಿಯಾಗೆ ವೈದ್ಯರು ಕೊಡುವ ಪ್ರೈಮಾಕ್ವಿನ್, ಸೊಳ್ಳೆಯ ಹೊಟ್ಟೆಗೆ ಹೊರಟು ನಿಂತ ಗಂಡು-ಹೆಣ್ಣು ರೂಪಗಳನ್ನೇ ಕೊಲ್ಲುವ ಮಾತ್ರೆ. ಇನ್ನು ಬ್ಯಾರಲ್, ಟ್ಯಾಂಕುಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ಉಜ್ಜಿ, ಮುಚ್ಚಳ ಹಾಕಿ.